ದಿರ್ಹಮ್‌ನಿಂದ ರೂಪಾಯಿಗೆ: ಊರಿಗೆ ದುಡ್ಡು ಹಾಕುವಾಗ ನಾನು ನೋಡುವ ಲೆಕ್ಕ

ದುಬೈ, ಶಾರ್ಜಾ, ಅಬುಧಾಬಿಗಳಲ್ಲಿ ಸಂಬಳ ಬಂದ ವಾರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇವತ್ತು ರೇಟ್ ಎಷ್ಟು? ಇನ್ನೂ ಸ್ವಲ್ಪ ಹುಷಾರಿನವರು ಚಾರ್ಜ್ ಎಷ್ಟು ಎಂದೂ ಕೇಳುತ್ತಾರೆ. ಇವೆರಡನ್ನು ಬೇರೆ ಬೇರೆಯಾಗಿ ಕೇಳಿದರೆ ಅಗ್ಗದ ದಾರಿ ಯಾವುದೆಂದು ಗೊತ್ತಾಗುವುದಿಲ್ಲ. ನಾನು ಎಲ್ಲ ಕಡೆ ಕೇಳುವುದು ಒಂದೇ ಮಾತು: ಶುಲ್ಕ, ವ್ಯಾಟ್ ಎಲ್ಲ ಸೇರಿ ನನ್ನ ಕೈಯಿಂದ 3,000 ದಿರ್ಹಮ್ ಹೋದರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?

ಅದನ್ನು ಅಳೆಯಲು ಮೊದಲು ಪೇಟೆಯ ನಿಜವಾದ ದರ ತಿಳಿದಿರಬೇಕು. ದಿರ್ಹಮ್‌ನ ಬೆಲೆಯನ್ನು 1997ರಿಂದ ಡಾಲರ್‌ಗೆ 3.6725 ಎಂದು ನಿಗದಿ ಮಾಡಿಟ್ಟಿದ್ದಾರೆ, ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಾಗಿ ಡಾಲರ್‌ನ ರೂಪಾಯಿ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮ್‌ನ ದರ ಬಂತು. ಡಾಲರ್ 85 ರೂಪಾಯಿ ಇದೆ ಎಂದುಕೊಳ್ಳಿ, ದಿರ್ಹಮ್ 23.145 ಆಗುತ್ತದೆ. ಇದು ಬ್ಯಾಂಕ್‌ಗಳು ತಮ್ಮೊಳಗೆ ವ್ಯವಹರಿಸುವ ದರ, ನಮಗೆ ಯಾರೂ ಇದನ್ನು ಕೊಡುವುದಿಲ್ಲ. ಆದರೆ ನಮಗೆ ಕೊಡುವ ದರ ಇದಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟೂ ಶುಲ್ಕವೇ. ರಸೀದಿಯಲ್ಲಿ ಆ ಹೆಸರಿನಲ್ಲಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ಉದಾಹರಣೆಯನ್ನೇ ಮುಂದುವರಿಸೋಣ. ಒಂದು ಎಕ್ಸ್‌ಚೇಂಜ್ (ಹಣ ಬದಲಿಸಿ ಊರಿಗೆ ಕಳಿಸುವ ಸಂಸ್ಥೆ) 23.05 ದರ ಕೊಟ್ಟು 20 ದಿರ್ಹಮ್ ಶುಲ್ಕ ಕೇಳುತ್ತದೆ. 2018ರ ಜನವರಿಯಿಂದ ಯುಎಇಯಲ್ಲಿ ಶುಲ್ಕದ ಮೇಲೆ ಶೇ. 5 ವ್ಯಾಟ್ ಇರುವುದರಿಂದ ಅದು 21 ಆಗುತ್ತದೆ. ಇನ್ನೊಂದು ಆ್ಯಪ್ ‘ಶುಲ್ಕ ಸೊನ್ನೆ’ ಎಂದು ಹೇಳಿ 22.90 ದರ ಕೊಡುತ್ತದೆ. 3,000 ದಿರ್ಹಮ್ ಹಾಕಿದರೆ ಮೊದಲನೆಯದರಲ್ಲಿ ಶುಲ್ಕ ಕಳೆದು ಉಳಿದ 2,979 ದಿರ್ಹಮ್‌ಗೆ 68,665 ರೂಪಾಯಿ ತಲುಪುತ್ತದೆ, ಎರಡನೆಯದರಲ್ಲಿ 68,700. ಇಲ್ಲಿ ಶುಲ್ಕವಿಲ್ಲದ್ದೇ ಕೊಂಚ ವಾಸಿ. 10,000 ದಿರ್ಹಮ್ ಹಾಕಿದರೆ ಫಲಿತಾಂಶ ತಿರುಗಿಬೀಳುತ್ತದೆ: ಮೊದಲನೆಯದು 2,30,015, ಎರಡನೆಯದು 2,29,000. ಸಾವಿರ ರೂಪಾಯಿಗೂ ಮಿಕ್ಕಿದ ಅಂತರ.

ಯಾವ ಮೊತ್ತಕ್ಕೆ ಯಾವುದು ಅಗ್ಗ ಎಂದು ತಿಳಿಯಲು ಪ್ರತಿ ಬಾರಿ ಇಷ್ಟು ಉದ್ದ ಲೆಕ್ಕ ಬೇಡ. ಶುಲ್ಕವನ್ನು ರೂಪಾಯಿಗೆ ತಿರುಗಿಸಿ ಎರಡು ದರಗಳ ವ್ಯತ್ಯಾಸದಿಂದ ಭಾಗಿಸಿ. 21 ದಿರ್ಹಮ್ ಎಂದರೆ ಸುಮಾರು 484 ರೂಪಾಯಿ, ದರಗಳ ವ್ಯತ್ಯಾಸ 15 ಪೈಸೆ. 484ನ್ನು 0.15ರಿಂದ ಭಾಗಿಸಿದರೆ ಸುಮಾರು 3,227 ದಿರ್ಹಮ್. ಅದಕ್ಕಿಂತ ಕಡಿಮೆ ಹಾಕುವವರಿಗೆ ಶುಲ್ಕವಿಲ್ಲದ ದಾರಿ, ಹೆಚ್ಚು ಹಾಕುವವರಿಗೆ ಒಳ್ಳೆಯ ದರದ ದಾರಿ. ಗೆಳೆಯನಿಗೆ ಅಗ್ಗವಾದದ್ದು ನಮಗೂ ಅಗ್ಗವಾಗಲೇಬೇಕೆಂದಿಲ್ಲ ಎನ್ನುವುದು ಇದರಿಂದಲೇ. ಹೊಸ ಆ್ಯಪ್‌ಗಳು ಮೊದಲ ಸಲಕ್ಕೆ ಕೊಡುವ ವಿಶೇಷ ದರವನ್ನು ನಾನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯ ಸಲ ಸಿಗುವ ದರವೇ ಅವರ ನಿಜವಾದ ದರ.

ಮೂರನೆಯ ಖರ್ಚು ಭಾರತದ ಕಡೆ ಕಾದಿರುತ್ತದೆ. ಎಕ್ಸ್‌ಚೇಂಜ್‌ಗಳು ಸಾಮಾನ್ಯವಾಗಿ ಭಾರತದ ಬ್ಯಾಂಕ್‌ಗಳಲ್ಲಿ ತಮ್ಮದೇ ರೂಪಾಯಿ ಖಾತೆ ಇಟ್ಟುಕೊಂಡಿರುತ್ತವೆ. ಇದಕ್ಕೆ ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಎನ್ನುತ್ತಾರೆ. ದರ ಇಲ್ಲೇ ಕೌಂಟರ್‌ನಲ್ಲಿ ತೀರ್ಮಾನವಾಗಿ, ಊರಿನ ಖಾತೆಗೆ ರೂಪಾಯಿಯಾಗಿಯೇ ಐಎಂಪಿಎಸ್ ಅಥವಾ ಎನ್‌ಇಎಫ್‌ಟಿ ಮೂಲಕ ಹೋಗುತ್ತದೆ, ದಾರಿಯಲ್ಲಿ ಕಡಿತವಿಲ್ಲ. ಬ್ಯಾಂಕ್‌ನಿಂದ ಸ್ವಿಫ್ಟ್ (ಬೇರೆ ಬೇರೆ ದೇಶಗಳ ಬ್ಯಾಂಕ್‌ಗಳ ನಡುವಿನ ಜಾಲ) ಮೂಲಕ ಡಾಲರ್ ಕಳಿಸಿದರೆ ಹಾಗಲ್ಲ. ದಿರ್ಹಮ್ ಡಾಲರ್ ಆಗುವಾಗ ಒಂದು ಕಡಿತ, ನಡುವಿನ ಬ್ಯಾಂಕ್ ಇನ್ನೊಂದಿಷ್ಟು ಹಿಡಿಯಬಹುದು, ಕೊನೆಗೆ ಡಾಲರ್ ರೂಪಾಯಿಯಾಗುವಾಗ ಊರಿನ ಬ್ಯಾಂಕ್ ತನ್ನ ದರ ಹಾಕುತ್ತದೆ. ಅದರ ಮೇಲೆ ಜಿಎಸ್‌ಟಿ ಬೇರೆ. 1 ಲಕ್ಷ ರೂಪಾಯಿವರೆಗಿನ ವಿನಿಮಯದಲ್ಲಿ ಮೊತ್ತದ ಶೇ. 1ನ್ನು ಸೇವೆಯ ಮೌಲ್ಯವೆಂದು ಹಿಡಿದು ಅದಕ್ಕೆ ಶೇ. 18 ಹಾಕುತ್ತಾರೆ, ಅಂದರೆ 1 ಲಕ್ಷಕ್ಕೆ 180 ರೂಪಾಯಿ. ಅಲ್ಲಿಂದ ಮೇಲೆ 10 ಲಕ್ಷದವರೆಗೆ 1,000 ರೂಪಾಯಿಗೆ ಉಳಿದ ಮೊತ್ತದ ಶೇ. 0.5 ಸೇರಿಸಿ ಶೇ. 18. ಹಾಗೆ 5 ಲಕ್ಷಕ್ಕೆ 540 ರೂಪಾಯಿ. ದೊಡ್ಡ ಮೊತ್ತವನ್ನೂ ರೂಪಾಯಿಯಾಗಿಯೇ ಕಳಿಸಲು ಸಾಧ್ಯವಿದ್ದರೆ ನಾನು ಸ್ವಿಫ್ಟ್ ಮುಟ್ಟುವುದಿಲ್ಲ. ಸ್ವಿಫ್ಟ್ ಒಂದೇ ದಾರಿ ಎಂದಾದರೆ, ಎಲ್ಲ ಶುಲ್ಕ ನನ್ನದೇ ಎಂಬ ‘ಅವರ್’ (OUR) ಆಯ್ಕೆ ಮಾಡಿ, ಊರಿನ ಬ್ಯಾಂಕ್‌ನ ಅಂದಿನ ದರವನ್ನು ಮುಂಚೆಯೇ ಕೇಳಿಕೊಳ್ಳುತ್ತೇನೆ.

ಕೈಗೆ ನಗದು ಸಿಗುವ ಪಿಕಪ್ ಸೇವೆ ಬ್ಯಾಂಕ್ ಖಾತೆಯೇ ಇಲ್ಲದವರಿಗೆ ಮಾತ್ರ. ಒಂದು ಸಲಕ್ಕೆ 2,500 ಡಾಲರ್, ಪಡೆಯುವವರಿಗೆ ವರ್ಷಕ್ಕೆ 30 ಬಾರಿ, ನಗದಾಗಿ 50,000 ರೂಪಾಯಿ ಎಂಬ ಮಿತಿಗಳಿವೆ. ಖಾತೆಗೆ ಹಾಕುವುದಕ್ಕಿಂತ ದರವೂ ಕಡಿಮೆ ಇರುವುದೇ ಹೆಚ್ಚು.

ಒಳ್ಳೆಯ ದರ ಹುಡುಕುವುದಕ್ಕಿಂತ ಹೆಚ್ಚು ಉಳಿಸುವುದು ಕಳಿಸುವ ಸಲಗಳನ್ನು ಕಡಿಮೆ ಮಾಡುವುದು. ಅಪ್ಪನ ಔಷಧಿಗೆ 300, ತಂಗಿಯ ಫೀಸಿಗೆ 800, ಮನೆ ಸಾಲಕ್ಕೆ 1,500 ಎಂದು ಬೇರೆ ಬೇರೆ ಹಾಕಿದರೆ ಪ್ರತಿ ಸಲ 21 ದಿರ್ಹಮ್. 300 ದಿರ್ಹಮ್‌ಗೆ 21 ಎಂದರೆ ಶೇ. 7! ಅದಕ್ಕೆ ನನ್ನ ಕ್ರಮ ಹೀಗೆ: ತಿಂಗಳಿಗೊಮ್ಮೆ ಇಡೀ ಮೊತ್ತ ನನ್ನದೇ ಎನ್‌ಆರ್‌ಇ ಖಾತೆಗೆ (ಹೊರದೇಶದ ದುಡಿಮೆಯನ್ನು ರೂಪಾಯಿಯಲ್ಲಿ ಇಡುವ ಅನಿವಾಸಿ ಖಾತೆ), ಅಲ್ಲಿಂದ ಅಪ್ಪ, ತಂಗಿ, ಸಾಲದ ಕಂತು ಎಲ್ಲಕ್ಕೂ ದೇಶದೊಳಗಿನ ವರ್ಗಾವಣೆ. 2023ರಲ್ಲಿ ಯುಎಇ ಸೇರಿದಂತೆ 10 ದೇಶಗಳ ಮೊಬೈಲ್ ನಂಬರ್‌ಗೆ ಯುಪಿಐ ತೆರೆದ ಮೇಲೆ ಇದು ಇನ್ನೂ ಸುಲಭ, ನಿಮ್ಮ ಬ್ಯಾಂಕ್ ಅದನ್ನು ಒಪ್ಪಿರಬೇಕು ಅಷ್ಟೇ. ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಅಸಲು ಬಡ್ಡಿ ಎರಡನ್ನೂ ವಾಪಸ್ ಹೊರಗೆ ಒಯ್ಯಬಹುದು. ಹೊರದೇಶಕ್ಕೆ ಬರುವ ಮುಂಚಿನ ಹಳೆಯ ಎಸ್‌ಬಿ ಖಾತೆಗೇ ಹಾಕುತ್ತಾ ಇರುವವರು ತುಂಬಾ ಜನ ಇದ್ದಾರೆ. ಅದನ್ನು ಎನ್‌ಆರ್‌ಒ (ಅನಿವಾಸಿಗಳ ಸಾಮಾನ್ಯ ಖಾತೆ) ಎಂದು ಬದಲಾಯಿಸಿಕೊಳ್ಳಬೇಕಾದದ್ದು ಫೆಮಾ, ಅಂದರೆ ಭಾರತದ ವಿದೇಶಿ ವಿನಿಮಯ ಕಾನೂನಿನ ನಿಯಮ, ದಯವಿಟ್ಟು ಮುಂದೂಡಬೇಡಿ. ಇನ್ನೊಂದು: ತಂದೆತಾಯಿಗೆ, ಹೆಂಡತಿಗೆ ಕೊಟ್ಟ ಹಣಕ್ಕೆ ಅವರು ತೆರಿಗೆ ಕಟ್ಟಬೇಕಿಲ್ಲ. ಆದರೆ ಹೆಂಡತಿಗೆ ಕೊಟ್ಟ ಹಣವನ್ನು ಆಕೆ ಎಫ್‌ಡಿ ಇಟ್ಟರೆ ಆ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ.

ಕೌಂಟರ್‌ಗಿಂತ ಆ್ಯಪ್ ಸಾಮಾನ್ಯವಾಗಿ ಅಗ್ಗ. 2024ರಲ್ಲಿ ಎಕ್ಸ್‌ಚೇಂಜ್‌ಗಳು ಶುಲ್ಕ ಏರಿಸಿದ್ದು ಕೌಂಟರ್‌ನಲ್ಲಿ ಮಾಡುವ ವ್ಯವಹಾರಕ್ಕೆ. ಆ್ಯಪ್‌ನಲ್ಲಿ ಹಣ ತುಂಬುವಾಗ ಬ್ಯಾಂಕ್ ಖಾತೆಯಿಂದಲೇ ತುಂಬಬೇಕು. ಕ್ರೆಡಿಟ್ ಕಾರ್ಡ್ ಕೊಟ್ಟರೆ ಅದನ್ನು ನಗದು ತೆಗೆದಂತೆ ಲೆಕ್ಕ ಹಾಕಿ, ಶುಲ್ಕದ ಜೊತೆಗೆ ಆ ದಿನದಿಂದಲೇ ಬಡ್ಡಿ ಹಾಕುವ ಬ್ಯಾಂಕ್‌ಗಳಿವೆ. ಶನಿವಾರ, ಭಾನುವಾರ ಪೇಟೆ ಮುಚ್ಚಿರುವುದರಿಂದ ಸೋಮವಾರದ ಏರಿಳಿತದ ಅಪಾಯವನ್ನೂ ಸೇರಿಸಿ ದರವನ್ನು ಸ್ವಲ್ಪ ಕೆಳಗಿಡುತ್ತಾರೆ. ವಾರದ ನಡುವಿನ ದಿನವೇ ಒಳ್ಳೆಯದು. ರೇಟ್ ಇನ್ನೂ ಏರಲಿ ಎಂದು ವಾರಗಟ್ಟಲೆ ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ. 10 ಪೈಸೆ ಏರಿದರೆ 3,000 ದಿರ್ಹಮ್‌ಗೆ ಸಿಗುವುದು 300 ರೂಪಾಯಿ, ಅಷ್ಟರಲ್ಲಿ ಸಾಲದ ಕಂತು ತಪ್ಪಿದರೆ ದಂಡ ಅದಕ್ಕಿಂತ ಹೆಚ್ಚು.

ದುಡ್ಡು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಬ್ಯಾಂಕ್ ಶಾಖೆಯ ಸಂಕೇತವಾದ ಐಎಫ್‌ಎಸ್‌ಸಿಯಲ್ಲಿ. ಕರಾವಳಿಯವರಿಗೆ ಇದು ವಿಶೇಷ ತಲೆನೋವು, ಏಕೆಂದರೆ ನಮ್ಮ ಮನೆಗಳ ಹಳೆಯ ಖಾತೆಗಳೆಲ್ಲ ಅಲ್ಲೇ ಹುಟ್ಟಿದ ಬ್ಯಾಂಕ್‌ಗಳಲ್ಲಿದ್ದವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್‌ಗೆ ಸೇರಿದವು. ಅಮ್ಮನ ಪಾಸ್‌ಬುಕ್‌ನ ಮೊದಲ ಪುಟದ ಫೋಟೋ ನೋಡಿ ತುಂಬಿದ ಸಂಕೇತ ಈಗ ನಡೆಯುವುದಿಲ್ಲ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ, ಮೊದಲ ನಾಲ್ಕು ಬ್ಯಾಂಕಿನವು, ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ಓ ಎಂದು ಒತ್ತುವ ತಪ್ಪೂ ಸಾಮಾನ್ಯ. ಹೊಸ ಚೆಕ್ ಪುಸ್ತಕ ಅಥವಾ ಬ್ಯಾಂಕ್‌ನ ಆ್ಯಪ್ ನೋಡಿ ತುಂಬಿ. ಹೆಸರನ್ನು ಖಾತೆಯಲ್ಲಿರುವಂತೆಯೇ ಬರೆಯಬೇಕು: ಅಲ್ಲಿ ‘ಕೆ. ಸುಬ್ರಾಯ’ ಎಂದಿದ್ದರೆ ಇಲ್ಲಿ ಪೂರ್ತಿ ಮನೆತನದ ಹೆಸರು ಬಿಡಿಸಿ ಬರೆಯಬೇಡಿ. ಉದ್ದೇಶ ಕೇಳಿದಲ್ಲಿ ‘ಕುಟುಂಬ ನಿರ್ವಹಣೆ ಮತ್ತು ಉಳಿತಾಯ’ ಆಯ್ಕೆ ಮಾಡಿ, ಅದರ ಸಂಕೇತ ಪಿ1301. ಎಮಿರೇಟ್ಸ್ ಐಡಿಯ ಅವಧಿ ಮುಗಿದರೆ ಆ್ಯಪ್ ನಿಂತುಹೋಗುತ್ತದೆ, ವೀಸಾ ನವೀಕರಣದ ತಿಂಗಳಲ್ಲಿ ಕಂತಿನ ಹಣವನ್ನು ಮುಂಚೆಯೇ ಹಾಕಿಡಿ.

ಹವಾಲಾದವರು ಎಲ್ಲರಿಗಿಂತ ಒಳ್ಳೆಯ ದರ ಹೇಳುತ್ತಾರೆ, ಮನೆ ಬಾಗಿಲಿಗೆ ತಲುಪಿಸುತ್ತೇವೆ ಎನ್ನುತ್ತಾರೆ. ಹಾಗೆ ಬರುವ ಹಣ ಪಡೆಯುವುದು ಭಾರತದಲ್ಲಿ ಫೆಮಾ ಉಲ್ಲಂಘನೆ, ಮತ್ತು ತೊಂದರೆ ಆಗುವುದು ಊರಿನಲ್ಲಿರುವ ಅಮ್ಮನಿಗೆ. ಗುರುತಿಲ್ಲದ ಯಾರದೋ ಖಾತೆಯಿಂದ ಆಕೆಯ ಖಾತೆಗೆ ಬಿದ್ದ ಹಣ ಸೈಬರ್ ವಂಚನೆಯ ದುಡ್ಡಾಗಿದ್ದರೆ, ಬೇರೆ ರಾಜ್ಯದ ಪೊಲೀಸರ ಪತ್ರದ ಮೇಲೆ ಪಿಂಚಣಿ ಬರುವ ಖಾತೆಯೇ ಸ್ಥಗಿತವಾಗಬಹುದು. ಕೆಲವು ನೂರು ರೂಪಾಯಿಗೆ ಆ ವಯಸ್ಸಿನವರನ್ನು ಠಾಣೆಗೆ ಅಲೆಸಬಾರದು.

ಹಣ ಹೇಳಿದ ಸಮಯಕ್ಕೆ ಬರದಿದ್ದರೆ ಮೊದಲು ಎಕ್ಸ್‌ಚೇಂಜ್‌ನಿಂದ ಯುಟಿಆರ್ ನಂಬರ್ (ಬ್ಯಾಂಕ್ ವರ್ಗಾವಣೆಯ ಗುರುತಿನ ಸಂಖ್ಯೆ) ಕೇಳಿ. ಅವರ ರಸೀದಿಯ ನಂಬರ್ ಹಿಡಿದು ಊರಿನ ಶಾಖೆಗೆ ಹೋದರೆ ಹುಡುಕಲು ಆಗುವುದಿಲ್ಲ, ಯುಟಿಆರ್ ಕೊಟ್ಟರೆ ಕೂಡಲೇ ಗೊತ್ತಾಗುತ್ತದೆ. ವಿವರ ತಪ್ಪಾಗಿದ್ದರೆ ರದ್ದು ಮಾಡುವ ಬದಲು ತಿದ್ದುಪಡಿ ಕೇಳುವುದು ಲಾಭ. ರದ್ದಾದರೆ ರೂಪಾಯಿಯನ್ನು ಮತ್ತೆ ದಿರ್ಹಮ್ ಮಾಡುವಾಗ ಸಾಮಾನ್ಯವಾಗಿ ಬೇರೆ ದರ ಹಿಡಿಯುತ್ತಾರೆ, ಕಟ್ಟಿದ ಶುಲ್ಕವೂ ಹೋಗುತ್ತದೆ. ರಸೀದಿಗಳನ್ನು ವರ್ಷವಾರು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ: ಊರಿನಲ್ಲಿ ಜಾಗ ಕೊಳ್ಳುವಾಗ, ಮನೆ ಸಾಲಕ್ಕೆ ಅರ್ಜಿ ಹಾಕುವಾಗ, ತೆರಿಗೆ ಇಲಾಖೆ ಹಣದ ಮೂಲ ಕೇಳಿದಾಗ ಅವು ಬೇಕಾಗುತ್ತವೆ.