ಬಣ್ಣ ಹಚ್ಚುವ ಮೊದಲೇ ಜಗಳ ಮುಗಿಸಿಕೊಳ್ಳಿ

ಕೋಲಾರದ ಕಡೆ ಕೆರೆಗಳ ಹೂಳೆತ್ತಿಸುವ ಒಂದು ಸಂಸ್ಥೆಗೆ ಈಚೆಗೆ 90 ಸೆಕೆಂಡಿನ ಅನಿಮೇಷನ್ ಮಾಡಿಕೊಟ್ಟೆವು. ಚಿತ್ರ ನನ್ನದು, ಅದಕ್ಕೆ ಚಲನೆ ಕೊಟ್ಟವನು ಗೆಳೆಯ. ಮಳೆ ನೀರು ಕೆರೆಗೆ ಬರುತ್ತದೆ, ತೂಬಿನಿಂದ ಗದ್ದೆಗೆ ಹೋಗುತ್ತದೆ, ಹೆಚ್ಚಾದದ್ದು ಕೋಡಿ ಹರಿದು ಕೆಳಗಿನ ಕೆರೆ ಸೇರುತ್ತದೆ. ಕಥೆ ಇಷ್ಟೇ. ಗ್ರಾಮಸಭೆಗಳಲ್ಲಿ ಪ್ರೊಜೆಕ್ಟರ್ ಹಾಕಿ ತೋರಿಸಬೇಕು ಅನ್ನುವುದು ಅವರ ಆಸೆ.

“ಒಂದೂವರೆ ನಿಮಿಷ ತಾನೇ, ಅದಕ್ಕೆ ಇಷ್ಟು ದುಡ್ಡಾ?” ಅನ್ನುವ ಮಾತು ಈ ಸಲವೂ ಬಂತು. ನಾನು ವಾದ ಮಾಡಲಿಲ್ಲ, ಲೆಕ್ಕ ತೋರಿಸಿದೆ. ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ಅಲ್ಲಿಗೆ 90 ಸೆಕೆಂಡಿಗೆ 1080 ಚಿತ್ರ. ಅಷ್ಟನ್ನೂ ಕೈಯಲ್ಲಿ ಬರೆಯುವ ಬಜೆಟ್ ಅವರ ಹತ್ತಿರ ಇರಲಿಲ್ಲ. ಹಾಗಾಗಿ ಜನರನ್ನೆಲ್ಲ ತೊಗಲುಗೊಂಬೆಯ ಹಾಗೆ ಮಾಡಿದೆವು: ಭುಜ, ಮೊಣಕೈ, ಮಂಡಿ ಬೇರೆ ಬೇರೆ ತುಂಡು, ಕೀಲಿನಲ್ಲಿ ತಿರುಗುತ್ತವೆ. ಕೈಯಲ್ಲಿ ಬರೆದದ್ದು ನೀರನ್ನು ಮಾತ್ರ. ಅದೂ ಎಂಟು ಚಿತ್ರಗಳ ಸುತ್ತು, ಎಂಟನೆಯದು ಮುಗಿದರೆ ಮತ್ತೆ ಒಂದಕ್ಕೆ ಬರುತ್ತದೆ. ನೀರು ತುಂಡುತುಂಡಾಗಿ ಹರಿದರೆ ಕಣ್ಣಿಗೆ ಹೊಡೆಯುತ್ತದೆ. ಮನುಷ್ಯ ಸ್ವಲ್ಪ ಸೆಟೆದು ನಡೆದರೆ ಯಾರಿಗೂ ಬೇಜಾರಿಲ್ಲ.

ಇನ್ನು ಆನಿಮ್ಯಾಟಿಕ್ ವಿಷಯ. ಸ್ಟೋರಿಬೋರ್ಡಿನ, ಅಂದರೆ ಕಥೆಯನ್ನು ದೃಶ್ಯ ದೃಶ್ಯವಾಗಿ ಬರೆದ ಪೆನ್ಸಿಲ್ ಚಿತ್ರಗಳನ್ನು ಧ್ವನಿಯ ಜೊತೆ ಸಾಲಾಗಿ ಜೋಡಿಸಿದ ಕಚ್ಚಾ ವಿಡಿಯೋ ಅದು. ಬಣ್ಣ ಇಲ್ಲ, ಚಲನೆ ಇಲ್ಲ. ಎಷ್ಟೋ ಕಲಾವಿದರಿಗೆ ಇದನ್ನು ಹೊರಗಿನವರಿಗೆ ತೋರಿಸಲು ನಾಚಿಕೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಸಂಸ್ಥೆಯ ಕಚೇರಿಯಲ್ಲಿ ತೋರಿಸಿದರೆ ಸಾಲದು, ಊರಿನ ನೀರುಗಂಟಿಗಳಿಗೂ (ಕೆರೆ ನೀರು ಹಂಚುವವರಿಗೂ) ತೋರಿಸಬೇಕು ಅಂತ ಮೊದಲೇ ಷರತ್ತು ಹಾಕಿದ್ದೆ. ಅರಳಿಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದೆವು.

ಸಂಸ್ಥೆ ಕೊಟ್ಟ ಸ್ಕ್ರಿಪ್ಟಿನಲ್ಲಿ “ರೈತ ತೂಬಿನ ಗೇಟು ತೆರೆಯುತ್ತಾನೆ” ಅಂತ ಇತ್ತು. ಅದು ಬರುತ್ತಲೇ ಹಿರಿಯ ನೀರುಗಂಟಿಯೊಬ್ಬರು ನಕ್ಕುಬಿಟ್ಟರು. “ರೈತ ಯಾಕಮ್ಮ ತೂಬು ಎತ್ತುತ್ತಾನೆ? ಅವನವನೇ ಎತ್ಕೊಂಡ್ರೆ ಊರಲ್ಲಿ ಹೊಡೆದಾಟ ಆಗ್ತದೆ” ಅಂದರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ನೀರುಗಂಟಿಯ ಕೆಲಸ. ಆಮೇಲೆ ತಾತ ನನ್ನ ಪುಸ್ತಕ ಇಸಿದುಕೊಂಡು ಅವರೇ ಗೆರೆ ಎಳೆದರು. ಹಳೇ ಕಲ್ಲಿನ ತೂಬು ಕೆರೆಯ ಏರಿ, ಅಂದರೆ ಮಣ್ಣಿನ ಕಟ್ಟೆಯ ಮೇಲೆ ಇರುವುದಿಲ್ಲ, ಏರಿಯ ಒಳಬದಿಗೆ ನೀರಿನಲ್ಲೇ ನಿಂತಿರುತ್ತದೆ. ಎರಡು ಕಲ್ಲುಕಂಬ, ನಡುವೆ ಅಡ್ಡಕಲ್ಲು, ಅದರ ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಕೋಲು. ಕೋಲಿನ ತುದಿಯ ಬಿರಡೆ ತಳದ ಕಲ್ಲಿನ ತೂತಿನಲ್ಲಿ ಕೂತಿರುತ್ತದೆ. ಕೋಲು ಮೇಲೆತ್ತಿದರೆ ನೀರು ಏರಿಯ ಅಡಿಯ ಕಾಲುವೆಯಲ್ಲಿ ಆಚೆ ಬರುತ್ತದೆ. ಏರಿಯ ನೀರಿನ ಬದಿಗೆ ಕಲ್ಲು ಜೋಡಿಸಿರುತ್ತಾರೆ, ಗದ್ದೆಯ ಬದಿಗೆ ಹುಲ್ಲು. ಈ ಒಂದು ವ್ಯತ್ಯಾಸ ಬರೆದರೆ ಸಾಕು, ನೀರು ಯಾವ ಕಡೆ ಅಂತ ಊರಿನವರಿಗೆ ಬೇರೆ ಹೇಳಬೇಕಿಲ್ಲ.

ರೈತ ಹೋಗಿ ನೀರುಗಂಟಿ ಬಂದ. ಹೆಗಲಿಗೆ ಟವೆಲ್ಲು, ಕೈಗೆ ಸನಿಕೆ. ಗೇಟು ಹೋಗಿ ಕಲ್ಲುತೂಬು ಬಂತು. ಪೆನ್ಸಿಲ್ ಹಂತವಾದ್ದರಿಂದ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಬದಲಾಯಿತು. ಬಣ್ಣ ಹಚ್ಚಿ ಕೀಲು ಕೂರಿಸಿದ ಮೇಲೆ ಆಗಿದ್ದರೆ ಪಾತ್ರವನ್ನೇ ಮೊದಲಿಂದ ಕಟ್ಟಬೇಕಿತ್ತು, ಅದಕ್ಕೆ ದುಡ್ಡು ಯಾರು ಕೊಡಬೇಕು ಅಂತ ಜಗ್ಗಾಟ ಬೇರೆ. ಆ ಕಟ್ಟೆಯ ಮೇಲೇ ಎಲ್ಲರಿಂದ ಒಪ್ಪಿಗೆ ತೆಗೆದುಕೊಂಡು, ಸಂಸ್ಥೆಯವರಿಂದ ಇಮೇಲ್ ಬರೆಸಿಕೊಂಡೆ. ದುಡ್ಡಿನ ಕಂತನ್ನೂ ಇದಕ್ಕೇ ಗಂಟು ಹಾಕಿದ್ದೆ: ಶುರುವಿಗೆ 40%, ಆನಿಮ್ಯಾಟಿಕ್ ಒಪ್ಪಿದಾಗ 30%, ಕೊನೆಗೆ 30%. ಒಪ್ಪಿದ ಮೇಲಿನ ಬದಲಾವಣೆಗೆ ಬೇರೆ ದರ. ಈ ಸಾಲು ಒಪ್ಪಂದದಲ್ಲಿ ಇದ್ದರೆ ಜನ ಆನಿಮ್ಯಾಟಿಕ್ಕನ್ನು ಕಣ್ಣರಳಿಸಿ ನೋಡುತ್ತಾರೆ!

ಚಿತ್ರದಲ್ಲಿ ನೀರುಗಂಟಿಯ ಪಾತ್ರಕ್ಕೆ ನಾಲ್ಕು ಮಾತಿದ್ದವು. ಧ್ವನಿ ಮೊದಲೇ ರೆಕಾರ್ಡ್ ಮಾಡಿ, ಅದಕ್ಕೆ ತಕ್ಕ ಹಾಗೆ ಬಾಯಿ ಕೂರಿಸಿದೆವು. ಪುಸ್ತಕಗಳಲ್ಲಿ ಸಿಗುವ ಬಾಯಿಯ ಆಕಾರಗಳ ಪಟ್ಟಿ ಇಂಗ್ಲಿಷಿಗೆ ಮಾಡಿದ್ದು. ನಮ್ಮ ಮಾತು ‘ನೀರು’, ‘ಊರು’, ‘ಬಂತು’ ಅಂತ ತುಟಿ ದುಂಡಾಗಿ ಮುಗಿಯುವುದು ಜಾಸ್ತಿ. ಆ ದುಂಡು ತುಟಿ ಇಲ್ಲದೆ ಬಾಯಿ ಮುಚ್ಚಿಸಿದರೆ ಡಬ್ಬಿಂಗ್ ಸಿನಿಮಾ ನೋಡಿದ ಹಾಗಾಗುತ್ತದೆ. ಪ, ಬ, ಮ ಬಂದಾಗ ಮಾತ್ರ ತುಟಿ ಮುಚ್ಚಲೇಬೇಕು, ಅದೂ ಧ್ವನಿಗಿಂತ ಒಂದೆರಡು ಫ್ರೇಮ್ ಮುಂಚೆ. ಳ, ಣ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ, ನಾಲಿಗೆ ಒಳಗೇ ಮಡಚುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಅಕ್ಷರಗಳದ್ದು ಬೇರೆ ರಾಮಾಯಣ. ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಹಾಕದಿದ್ದರೆ ಒತ್ತಕ್ಷರ ಒಡೆಯುತ್ತವೆ, ‘ಅಚ್ಚುಕಟ್ಟು’ ಅಚ್ಚುಕಟ್ಟಾಗಿ ಬರುವುದೇ ಇಲ್ಲ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ತಿದ್ದಿ, ಆಮೇಲೆ ಔಟ್‌ಲೈನ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಗೆರೆಯ ಚಿತ್ರವಾಗಿಸಿ ಕೊಡುತ್ತೇನೆ. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ.

ಹಕ್ಕಿನ ಮಾತು ಆಡಲು ಬಹಳ ಜನ ಸಂಕೋಚಪಡುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಮಾಡಿಸಿದ ಚಲನಚಿತ್ರಕ್ಕೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಾಡಿಸಿದವರೇ ಮೊದಲ ಒಡೆಯರು. ಅದಕ್ಕೇ ಬರೆಸಿಕೊಂಡೆ: ಸಿನಿಮಾ ಅವರದು, ಪಾತ್ರಗಳ ಮೂಲ ಚಿತ್ರ ಮತ್ತು ಫೈಲುಗಳು ನಮ್ಮವು, ಕ್ಯಾಲೆಂಡರಿಗೋ ಟೀ ಶರ್ಟಿಗೋ ಬಳಸಬೇಕಾದರೆ ಕೇಳಬೇಕು. ಹಕ್ಕು ಬರೆದುಕೊಡುವಾಗ ಅವಧಿ ಹಾಕದಿದ್ದರೆ ಕಾನೂನು ಅದನ್ನು 5 ವರ್ಷ ಅಂತಲೂ, ಜಾಗ ಹಾಕದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಎಣಿಸುತ್ತದೆ. ನಾವು ಎರಡನ್ನೂ ಬರೆದೆವು.

ಈಗ ಅವರಿಗೆ ಆಂಧ್ರದ ಗಡಿಯ ಊರುಗಳಿಗಾಗಿ ತೆಲುಗಿನಲ್ಲೂ ಬೇಕಂತೆ. ಅಕ್ಷರಗಳೆಲ್ಲ ಬೇರೆ ಲೇಯರಿನಲ್ಲಿವೆ, ಬದಲಾಯಿಸುವುದು ಸುಲಭ. ಬಾಯಿಯನ್ನು ಮಾತ್ರ ಹೊಸದಾಗಿ ಕೂರಿಸಬೇಕು. ಇನ್ನೊಂದು ಭಾಷೆಗೆ ಎಷ್ಟು ಅನ್ನುವುದನ್ನೂ ಒಪ್ಪಂದದಲ್ಲೇ ಹಾಕಿದ್ದರಿಂದ ಚೌಕಾಸಿಯ ಮಾತು ಬರಲಿಲ್ಲ. ಸದ್ಯ ಆ ಕಡೆಯ ತೆಲುಗು ಚೆನ್ನಾಗಿ ಆಡುವ ವಯಸ್ಸಾದ ಧ್ವನಿಯೊಂದನ್ನು ಹುಡುಕುತ್ತಿದ್ದೇವೆ.