ಯುದ್ಧಕಾಲಕ್ಕೆ ಖನಿಜ ಕೂಡಿಡುವುದು ಹೇಗೆ? ಸರ್ಕಾರಿ ಗೋದಾಮಿನ ಲೆಕ್ಕಾಚಾರ

ಬೆಲೆ ಬಿದ್ದಾಗ ಕಾಫಿ ಚೆರ್ರಿ ಮೂಟೆಗಳನ್ನು ಗೋದಾಮಿನಲ್ಲಿಟ್ಟು ಕಾಯುವುದನ್ನು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ತೇವ ಹಿಡಿಯದಂತೆ ನೋಡಬೇಕು. ಅತ್ತ ಬ್ಯಾಂಕಿನ ಬಡ್ಡಿ ಓಡುತ್ತಲೇ ಇರುತ್ತದೆ. ರೇಟ್ ಏರಿದ ದಿನ ಮಾರಿ ನಿಟ್ಟುಸಿರು ಬಿಡಬೇಕು. ದೇಶದ ರಕ್ಷಣೆಗೆಂದು ಸರ್ಕಾರಗಳು ಖನಿಜ ಕೂಡಿಡುವುದೂ ಬಹುಪಾಲು ಇದೇ ಕೆಲಸ, ಒಂದು ವಿಷಯ ಬಿಟ್ಟು: ರೇಟ್ ಏರಿತೆಂದು ಅವರು ಮಾರುವಂತಿಲ್ಲ. ಇದನ್ನು ಪಾಲಿಸುವುದು ಎಷ್ಟು ಕಷ್ಟ ಅಂತ ಕೊನೆಯಲ್ಲಿ ನೋಡೋಣ.

ಈಗ ಇದರ ಮಾತು ಯಾಕೆ ಜಾಸ್ತಿಯಾಗಿದೆ ಅಂದರೆ, ಚೀನಾ ಒಂದೊಂದೇ ನಲ್ಲಿ ಬಿಗಿ ಮಾಡುತ್ತಾ ಬಂದಿದೆ. 2023ರ ಆಗಸ್ಟ್‌ನಿಂದ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. 2024ರಲ್ಲಿ ಆಂಟಿಮನಿ ಸೇರಿತು. 2025ರ ಏಪ್ರಿಲ್‌ನಲ್ಲಿ ರೇರ್ ಅರ್ತ್ ಎಂಬ, ಬಲವಾದ ಮ್ಯಾಗ್ನೆಟ್ಟಿಗೆ ಬೇಕಾಗುವ ಲೋಹಗಳ ಗುಂಪಿನಲ್ಲಿ ಏಳರ ಸರದಿ ಬಂತು, ನಮ್ಮ ಕಾರು, ಸ್ಕೂಟರ್ ಕಂಪನಿಗಳು ಮ್ಯಾಗ್ನೆಟ್ ಸಿಗದೆ ಪರದಾಡಿದವು. ಅದೇ ವರ್ಷ ಜನವರಿಯಲ್ಲಿ ಕೇಂದ್ರ ಸಂಪುಟ 16,300 ಕೋಟಿ ರೂಪಾಯಿಯ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಕೊಟ್ಟಿತ್ತು. ದಾಸ್ತಾನು ಮಾಡುವುದೂ ಅದರ ಒಂದು ಭಾಗ.

ಪಟ್ಟಿ ಮಾಡಿ, ಆಮೇಲೆ ಅರ್ಧ ಹೊಡೆದುಹಾಕಿ

ಗಣಿ ಸಚಿವಾಲಯ 2023ರ ಜೂನ್‌ನಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿ ಕೊಟ್ಟಿದೆ. ಆದರೆ ರಕ್ಷಣಾ ದಾಸ್ತಾನಿಗೆ ಅಷ್ಟೂ ಬೇಕಿಲ್ಲ. ಎರಡು ಪ್ರಶ್ನೆ ಕೇಳಿದರೆ ಸಾಕು. ಇದಿಲ್ಲದಿದ್ದರೆ ಯಾವ ಆಯುಧ ನಿಲ್ಲುತ್ತದೆ? ಇದು ಎಷ್ಟು ದೇಶಗಳಿಂದ ಬರುತ್ತದೆ? ಕಬ್ಬಿಣ ಇಲ್ಲದಿದ್ದರೆ ಎಲ್ಲವೂ ನಿಲ್ಲುತ್ತದೆ, ಆದರೆ ಬಳ್ಳಾರಿಯಲ್ಲೇ ಇದೆ, ಬಿಟ್ಟುಬಿಡಿ. ಜರ್ಮೇನಿಯಂ ಬೇಕಾಗುವುದು ಬಹಳ ಕಡಿಮೆ, ಆದರೆ ಕತ್ತಲಲ್ಲಿ ಶಾಖ ನೋಡಿ ಗುರಿ ಹಿಡಿಯುವ ಸಾಧನದ ಲೆನ್ಸಿಗೆ ಅದೇ ಬೇಕು.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ. ಅಲ್ಲಿಟ್ಟಿರುವ ಹಳೇ ಟ್ಯಾಂಕ್ ನೋಡಿದರೆ ಎಲ್ಲಾ ಉಕ್ಕೇ ಅನ್ನಿಸುತ್ತದೆ. ಈಗಿನ ಕಾಲದ ಆಯುಧ ಬಿಚ್ಚಿದರೆ ಬೇರೆಯೇ ಸಾಮಾನು. ಕವಚ ಸೀಳುವ ಗುಂಡಿಗೆ ಟಂಗ್‌ಸ್ಟನ್, ಕಾಡತೂಸಿನ ಕಿಡಿಮದ್ದಿಗೆ ಆಂಟಿಮನಿ, ಹೊಸ ರೇಡಾರ್‌ಗೆ ಗ್ಯಾಲಿಯಂ. ಕ್ಷಿಪಣಿಯೊಳಗಿನ ಸಣ್ಣ ಮೋಟಾರುಗಳಿಗೆ ಬಿಸಿಯಲ್ಲೂ ಶಕ್ತಿ ಕಳೆದುಕೊಳ್ಳದ ಸಮೇರಿಯಂ-ಕೋಬಾಲ್ಟ್ ಮ್ಯಾಗ್ನೆಟ್. ಅಮೆರಿಕದ ಒಂದು ಎಫ್-35 ವಿಮಾನದಲ್ಲಿ ರೇರ್ ಅರ್ತ್ ಸಾಮಗ್ರಿಯೇ 400 ಕೆ.ಜಿ.ಗಿಂತ ಹೆಚ್ಚು ಎಂದು ಅಲ್ಲಿನ ಸಂಸತ್ತಿನ ಸಂಶೋಧನಾ ವರದಿಗಳು ಹೇಳುತ್ತವೆ.

ಪಟ್ಟಿಯನ್ನು ಆಗಾಗ ತಿದ್ದುತ್ತಿರಬೇಕು. ಅಮೆರಿಕದ ಗೋದಾಮಿನಲ್ಲಿ ಒಂದು ಕಾಲಕ್ಕೆ ಅಫೀಮು, ಹರಳೆಣ್ಣೆ, ಹಕ್ಕಿ ಪುಕ್ಕ ಎಲ್ಲಾ ಇದ್ದವು. ನಗಬೇಡಿ, ನೋವಿನ ಔಷಧಿಗೆ, ಯಂತ್ರಕ್ಕೆ, ಚಳಿಯ ಹಾಸಿಗೆಗೆ ಆಗ ಅವೇ ಬೇಕಿದ್ದವು.

ಟನ್ನಿನಲ್ಲಿ ಅಲ್ಲ, ದಿನದಲ್ಲಿ ಅಳೆಯಿರಿ

ಸಾವಿರ ಟನ್ ಇದೆ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಎಷ್ಟು ದಿನಕ್ಕೆ ಬರುತ್ತದೆ ಹೇಳಿ. ಜಪಾನ್ 1983ರಲ್ಲಿ ಅಪರೂಪದ ಲೋಹಗಳ ದಾಸ್ತಾನು ಶುರು ಮಾಡಿದಾಗ ಇಟ್ಟುಕೊಂಡ ಅಳತೆ 60 ದಿನ. ಅದರಲ್ಲಿ ಸರ್ಕಾರದ್ದೊಂದು ಪಾಲು, ಕಂಪನಿಗಳದ್ದೊಂದು ಪಾಲು. ಯುದ್ಧಕಾಲದ ಬಳಕೆ ಅಂದಾಜು ಮಾಡಿ, ನಮ್ಮಲ್ಲೇ ಸಿಗುವುದನ್ನು ಕಳೆಯಿರಿ, ನಂಬಿಕಸ್ಥ ದೇಶಗಳಿಂದ ಬರುವುದನ್ನೂ ಕಳೆಯಿರಿ. ಉಳಿದದ್ದೇ ಗೋದಾಮಿಗೆ.

ಹೊಸ ಗಣಿ ತೆರೆಯಲು ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಎರಡು ತಿಂಗಳ ಸ್ಟಾಕ್ ಅಷ್ಟು ದೊಡ್ಡ ಕಂದಕ ದಾಟಿಸುವುದಿಲ್ಲ, ಓಡಾಡಲು ಸಮಯ ಕೊಡುತ್ತದೆ ಅಷ್ಟೇ. ಜಪಾನಿಗೆ ಇದು ಗೊತ್ತಿತ್ತು. 2010ರಲ್ಲಿ ಸಮುದ್ರದ ಜಗಳಕ್ಕೆ ಚೀನಾದಿಂದ ರೇರ್ ಅರ್ತ್ ಬರುವುದು ನಿಂತಾಗ ಗೋದಾಮು ನೋಡಿ ಸಮಾಧಾನಪಟ್ಟುಕೊಂಡು ಕೂರಲಿಲ್ಲ, ಮರುವರ್ಷವೇ ಆಸ್ಟ್ರೇಲಿಯಾದ ಲೈನಸ್ ಕಂಪನಿಗೆ 25 ಕೋಟಿ ಡಾಲರ್ ಹೂಡಿತು. ಅಂದಹಾಗೆ, ದಾಸ್ತಾನು ಅಂದ ಕೂಡಲೇ ನಮ್ಮ ಬೆಟ್ಟ ಅಗೆಯುತ್ತಾರಾ ಅಂತ ಕೊಡಗಿನಲ್ಲಿ ಕೇಳುವವರಿದ್ದಾರೆ. ಹೆದರಿಕೆ ಸಹಜ, ಆದರೆ ಇವೆರಡೂ ಬೇರೆ ಬೇರೆ. ಹೇಳಿಕೊಳ್ಳುವಂಥ ಗಣಿಗಳೇ ಇಲ್ಲದ ಜಪಾನಿನಲ್ಲಿ ಗೋದಾಮು ಇದೆಯಲ್ಲ.

ಯಾವ ರೂಪದಲ್ಲಿ ಇಡುತ್ತೀರಿ?

ನನ್ನ ಪ್ರಕಾರ ಇಡೀ ಕೆಲಸ ನಿಲ್ಲುವುದೋ ಬೀಳುವುದೋ ಇಲ್ಲೇ. ನಮ್ಮ ಪತ್ರಿಕೆ, ಟಿವಿಗಳಿಗೆ ನಿಕ್ಷೇಪ ಸಿಕ್ಕರೆ ಹಬ್ಬ. ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತು ಅಂದಾಗ ಎಷ್ಟು ಸಡಗರ! ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು 1,600 ಟನ್, ಅದೂ ಬಂಡೆಯೊಳಗೆ. ನೆಲದಡಿ ಇರುವುದು ದಾಸ್ತಾನಲ್ಲ. ಅಗೆದು ಗುಡ್ಡೆ ಹಾಕಿದ ಅದಿರೂ ದಾಸ್ತಾನಲ್ಲ, ಅದನ್ನು ಶುದ್ಧ ಮಾಡುವ ಕಾರ್ಖಾನೆ ನಮ್ಮಲ್ಲಿ ಇಲ್ಲದಿದ್ದರೆ.

ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿ, ಒಡಿಶಾದ ಕಡಲ ಮರಳಿನಲ್ಲಿ ರೇರ್ ಅರ್ತ್ ಇರುವ ಮೊನಾಜೈಟ್ ಎಂಬ ಖನಿಜ ಇದೆ. 1950ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಐಆರ್‌ಇಎಲ್ ಅದರಿಂದ ರೇರ್ ಅರ್ತ್ ಬೇರ್ಪಡಿಸುತ್ತದೆ. ಅಂದರೆ ಮರಳೂ ಇದೆ, ಅದನ್ನು ಸೋಸುವ ವಿದ್ಯೆಯೂ ಇದೆ. ಕೊರತೆ ಇರುವುದು ಮುಂದಿನ ಮೆಟ್ಟಿಲುಗಳಲ್ಲಿ: ಆಕ್ಸೈಡಿನಿಂದ ಲೋಹ, ಲೋಹದಿಂದ ಮಿಶ್ರಲೋಹ, ಅದರಿಂದ ಮ್ಯಾಗ್ನೆಟ್. ಜಗತ್ತಿನ ರೇರ್ ಅರ್ತ್ ಶುದ್ಧೀಕರಣದ ಸುಮಾರು ಶೇ 90 ಚೀನಾದ ಕೈಯಲ್ಲಿದೆ. ಇನ್ನೊಂದು ತೊಡಕು, ನಮ್ಮ ಮೊನಾಜೈಟಿನಲ್ಲಿ ಹಗುರ ಜಾತಿಯ ರೇರ್ ಅರ್ತ್‌ಗಳೇ ಹೆಚ್ಚು. ಬಿಸಿ ತಡೆಯುವ ಮ್ಯಾಗ್ನೆಟ್ಟಿಗೆ ಬೇಕಾದ ಭಾರ ಜಾತಿಯ ಡಿಸ್‌ಪ್ರೋಸಿಯಂ, ಟರ್ಬಿಯಂ ತೀರಾ ಕಡಿಮೆ.

ಹಾಗಾಗಿ ಒಂದೊಂದು ಖನಿಜಕ್ಕೂ ಕೇಳಬೇಕು: ನಮ್ಮ ಕಾರ್ಖಾನೆ ನಾಳೆ ಬೆಳಗ್ಗೆ ಯಾವ ರೂಪದಲ್ಲಿ ತಗೊಂಡು ಕೆಲಸ ಶುರು ಮಾಡಬಲ್ಲದು? ಆ ರೂಪದಲ್ಲಿ ಇಡಿ. ಮ್ಯಾಗ್ನೆಟ್ ಮಾಡುವವರೇ ಇಲ್ಲದ ಕಡೆ ಆಕ್ಸೈಡ್ ಡ್ರಮ್ಮು ಪೇರಿಸಿಟ್ಟರೆ, ಯುದ್ಧದ ದಿನ ಅದನ್ನು ಮತ್ತೆ ಚೀನಾಕ್ಕೇ ಕಳಿಸಬೇಕಾದೀತು. 2025ರ ನವೆಂಬರ್‌ನಲ್ಲಿ ಕೇಂದ್ರ 7,280 ಕೋಟಿಯ ಮ್ಯಾಗ್ನೆಟ್ ಯೋಜನೆ ಒಪ್ಪಿದ್ದು, ವರ್ಷಕ್ಕೆ 6,000 ಟನ್ ಗುರಿ ಇಟ್ಟಿದ್ದು ಇದಕ್ಕೇ. ತಡವಾಯಿತು ನಿಜ.

ಸದ್ದಿಲ್ಲದೆ ಕೊಳ್ಳಿ

ಇದರ ಒಳ್ಳೇ ಉದಾಹರಣೆಗೆ ಸಂಪಾಜೆ ಘಾಟಿ ಇಳಿದರೆ ಸಾಕು. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಹತ್ತಿರದ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಬಂಡೆ ಕೊರೆದು ಮಾಡಿದ್ದಾರೆ. 2020ರ ಏಪ್ರಿಲ್, ಮೇ ತಿಂಗಳಲ್ಲಿ ಕೊರೋನಾದಿಂದ ತೈಲ ಬೆಲೆ ನೆಲ ಕಚ್ಚಿದಾಗ ಇವನ್ನು ತುಂಬಿಸಿ, 5,000 ಕೋಟಿ ರೂಪಾಯಿಗೂ ಹೆಚ್ಚು ಉಳಿಸಿದ್ದಾಗಿ ಸರ್ಕಾರವೇ ಹೇಳಿತು.

ಆದರೆ ತೈಲದ ಮಾರುಕಟ್ಟೆ ಸಮುದ್ರದಷ್ಟು ದೊಡ್ಡದು. ಗ್ಯಾಲಿಯಂ ಇಡೀ ಜಗತ್ತಿನಲ್ಲಿ ವರ್ಷಕ್ಕೆ ತಯಾರಾಗುವುದೇ ಕೆಲವು ನೂರು ಟನ್. ಇಷ್ಟು ಬೇಕು ಅಂತ ಸರ್ಕಾರ ಟೆಂಡರ್ ಕರೆದು ಸಾರಿದರೆ ಬೆಲೆ ಅದೇ ದಿನ ಹಾರುತ್ತದೆ. ಸ್ವಲ್ಪ ಸ್ವಲ್ಪವಾಗಿ, ಹಲವು ವರ್ಷದ ಒಪ್ಪಂದದಲ್ಲಿ ತಗೋಬೇಕು. ಬೆಲೆ ಹಿಡಿದು ನಿಲ್ಲಿಸುವ ಹುಚ್ಚಿಗೂ ಬೀಳಬಾರದು. ತವರದ ಬೆಲೆ ಕಾಯಲು ಕೊಳ್ಳುತ್ತಾ ಹೋದ ಅಂತರರಾಷ್ಟ್ರೀಯ ತವರ ಮಂಡಳಿ 1985ರಲ್ಲಿ ಹಣ ಮುಗಿದು ಕುಸಿದುಬಿತ್ತು.

ಇಡುವುದೂ ಒಂದು ವಿದ್ಯೆ

ಗ್ಯಾಲಿಯಂ 30 ಡಿಗ್ರಿಗೆ ಕರಗುತ್ತದೆ. ಮಡಿಕೇರಿಯಲ್ಲಿ ವರ್ಷದ ಬಹುಪಾಲು ಗಟ್ಟಿಯಾಗಿಯೇ ಇದ್ದೀತು, ಮಂಗಳೂರಿನ ಶೆಡ್ಡಿನಲ್ಲಿ ನೀರಾಗುತ್ತದೆ. ಗಟ್ಟಿಯಾಗುವಾಗ ಹಿಗ್ಗುವುದರಿಂದ ಬಾಟಲಿ ಭರ್ತಿ ತುಂಬುವಂತಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಂತೂ ಇಡಲೇಬಾರದು, ಅದನ್ನು ಒಳಗೊಳಗೇ ಪುಡಿ ಮಾಡಿಬಿಡುತ್ತದೆ. ಲಿಥಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನು ಹೀರುತ್ತದೆ. ನಿಯೋಡಿಮಿಯಂ ಲೋಹ ಕಿಲುಬುತ್ತದೆ. ಟಂಗ್‌ಸ್ಟನ್‌ದು ಇಂಥ ರಗಳೆ ಇಲ್ಲ. ಕೆಡುವಂಥದ್ದನ್ನು ಕಾಲಕಾಲಕ್ಕೆ ಕಾರ್ಖಾನೆಗೆ ಕೊಟ್ಟು ಹೊಸದನ್ನು ತುಂಬಿಸಬೇಕು, ಹಳೇದು ಮೊದಲು ಹೊರಗೆ.

ಬೀಗದ ಕೈ ಯಾರ ಹತ್ತಿರ?

ಅಮೆರಿಕದಲ್ಲಿ ಇದಕ್ಕೆ 1939ರಿಂದ ಕಾನೂನಿದೆ. ದಾಸ್ತಾನು ರಕ್ಷಣೆಗೆ ಮಾತ್ರ, ಬೆಲೆ ಇಳಿಸುವುದಕ್ಕೋ ಬಜೆಟ್ ತುಂಬಿಸುವುದಕ್ಕೋ ಅಲ್ಲ ಎಂದು ಈಗಲೂ ಅದರಲ್ಲಿ ಬರೆದಿದೆ. ಚೀನಾದ ರೀತಿ ಬೇರೆ. 2021ರಲ್ಲಿ ಬೆಲೆ ಏರಿದಾಗ ಸರ್ಕಾರಿ ದಾಸ್ತಾನಿನ ತಾಮ್ರ, ಅಲ್ಯೂಮಿನಿಯಂ, ಸತುವನ್ನು ಹರಾಜಿಗಿಟ್ಟು ಮಾರುಕಟ್ಟೆ ತಣ್ಣಗೆ ಮಾಡಲು ನೋಡಿತು.

ಕಾನೂನು ಇದ್ದೂ ಅಮೆರಿಕ ಏನು ಮಾಡಿತು ಗೊತ್ತಾ? ಸೋವಿಯತ್ ಒಕ್ಕೂಟ ಬಿದ್ದ ಮೇಲೆ ಇನ್ನು ಯಾರ ಭಯ ಅಂತ ಸಂಸತ್ತೇ ಮಾರಾಟಕ್ಕೆ ಅಪ್ಪಣೆ ಕೊಟ್ಟಿತು. 1989ರಲ್ಲಿ ಸುಮಾರು 960 ಕೋಟಿ ಡಾಲರ್ ಬೆಲೆಯಿದ್ದ ದಾಸ್ತಾನು 2021ರ ಹೊತ್ತಿಗೆ 100 ಕೋಟಿಗಿಂತ ಕೆಳಗಿಳಿದಿತ್ತು. ಈಗ ಮತ್ತೆ ದುಬಾರಿ ಬೆಲೆಗೆ ತುಂಬಿಸುತ್ತಿದ್ದಾರೆ. ನಮ್ಮಲ್ಲಿ ಗೋದಾಮು ತುಂಬುವ ಮೊದಲೇ ಮೂರು ವಿಷಯ ಕಾನೂನಿನಲ್ಲಿ ಬರೆದಿಡುವುದು ಒಳ್ಳೆಯದು: ಬಾಗಿಲು ತೆರೆಯಲು ಯಾರ ಸಹಿ ಬೇಕು, ಮೊದಲ ಲಾರಿ ಯಾವ ಕಾರ್ಖಾನೆಗೆ ಹೋಗಬೇಕು, ಖಾಲಿಯಾದದ್ದನ್ನು ಎಷ್ಟು ತಿಂಗಳೊಳಗೆ ತುಂಬಿಸಬೇಕು.