ಕ್ಲಿಂಡಾಮೈಸಿನ್ ಜೊತೆ ನ್ಯೂಟ್ರೋಫಿಲ್: ನಾನು ಪರೀಕ್ಷಿಸಿದ ಬಗೆ

ಆಂಟಿಬಯೋಟಿಕ್‌ನ ಸಾಮರ್ಥ್ಯವನ್ನು ನಾವು ದಿನನಿತ್ಯ ಅಳೆಯುವುದು ಬಿಳಿ ರಕ್ತಕಣಗಳೇ ಇಲ್ಲದ ದ್ರವದಲ್ಲಿ ಇಲ್ಲವೇ ಬ್ಯಾಕ್ಟೀರಿಯ ಬೆಳೆಸುವ ಅಗರ್ ತಟ್ಟೆಯಲ್ಲಿ. ರೋಗಿಯ ದೇಹದಲ್ಲಿ ಔಷಧ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯದ ಮೇಲೆ, ಕ್ಲಿಂಡಾಮೈಸಿನ್ ಎಂಬ ಆಂಟಿಬಯೋಟಿಕ್ ಮತ್ತು ಬ್ಯಾಕ್ಟೀರಿಯವನ್ನು ನುಂಗಿ ಕೊಲ್ಲುವ ಬಿಳಿ ರಕ್ತಕಣವಾದ ನ್ಯೂಟ್ರೋಫಿಲ್, ಇವೆರಡರ ಒಟ್ಟು ಪರಿಣಾಮವನ್ನು ನಾನೇ ಪರೀಕ್ಷಿಸಿದೆ.

ಬೆಳವಣಿಗೆಯನ್ನು ತಡೆಯಲು ಬೇಕಾದ ಕನಿಷ್ಠ ಪ್ರಮಾಣದ ಕಾಲು ಭಾಗದಷ್ಟು ಕ್ಲಿಂಡಾಮೈಸಿನ್ ಹಾಕಿ, ಬ್ಯಾಕ್ಟೀರಿಯವನ್ನು ರಾತ್ರಿಯಿಡೀ ಬೆಳೆಸಿ ಬೆಳಿಗ್ಗೆ ತೊಳೆದೆ. ಇಷ್ಟಕ್ಕೆ ಅದು ಸಾಯುವುದಿಲ್ಲ. ಆದರೆ ಪ್ರೋಟೀನು ತಯಾರಿಸುವ ರೈಬೋಸೋಮಿನ ಕೆಲಸಕ್ಕೆ ಅಡ್ಡಿಯಾಗಿ ಅದರ ಮೈಮೇಲಿನ ಪ್ರೋಟೀನ್-ಎ ಕಡಿಮೆಯಾಗುತ್ತದೆ. ಈ ಪ್ರೋಟೀನು ನಮ್ಮ ಪ್ರತಿಕಾಯಗಳನ್ನು ತಲೆಕೆಳಗಾಗಿ, ನ್ಯೂಟ್ರೋಫಿಲ್ ಹಿಡಿಯಬೇಕಾದ ತುದಿಯಲ್ಲೇ ಕಚ್ಚಿಕೊಂಡಿರುತ್ತದೆ. ಅದು ತಗ್ಗಿದರೆ ಪ್ರತಿಕಾಯ ಸರಿಯಾದ ದಿಕ್ಕಿಗೆ ಅಂಟಿ, ನ್ಯೂಟ್ರೋಫಿಲ್‌ಗೆ ನುಂಗಲು ಹಾದಿಯಾಗುತ್ತದೆ.

ಒಪ್ಪಿಗೆ ಕೊಟ್ಟ ಸಹೋದ್ಯೋಗಿಗಳ ರಕ್ತವನ್ನು, ಅದು ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬಿನಲ್ಲಿ ಪಡೆದೆ. ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವಕ್ಕೆ) ಮಾತ್ರ ಏನೂ ಹಾಕದ ಟ್ಯೂಬೇ ಬೇಕು, ಅದನ್ನು ಬಿಸಿ ಮಾಡಲೂಬಾರದು. 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ, ಬ್ಯಾಕ್ಟೀರಿಯಕ್ಕೆ ಅಂಟಿ ನ್ಯೂಟ್ರೋಫಿಲ್‌ಗೆ ನೆರವಾಗುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಕೆಲಸಕ್ಕೆ ಬಾರದಂತಾಗುತ್ತವೆ. ರಕ್ತದಿಂದ ನ್ಯೂಟ್ರೋಫಿಲ್ ಪ್ರತ್ಯೇಕಿಸುವ ವಿಧಾನದ ಪುಸ್ತಕಗಳು ‘ಕೋಣೆಯ ಉಷ್ಣಾಂಶ’ ಎನ್ನುವುದು 20ರಿಂದ 25 ಡಿಗ್ರಿಯನ್ನು. ಹೊರಗೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಎ.ಸಿ. ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದೆಂಬುದು ನನ್ನ ದೃಢ ಅಭಿಪ್ರಾಯ. ನ್ಯೂಟ್ರೋಫಿಲ್‌ಗಳ ಆಯಸ್ಸೇ ಅಲ್ಪ. ಪ್ರತ್ಯೇಕಿಸಿದ ಕೆಲವೇ ಗಂಟೆಗಳಲ್ಲಿ ಬಳಸಬೇಕು.

ಔಷಧ ಕಂಡ ಮತ್ತು ಕಾಣದ ಬ್ಯಾಕ್ಟೀರಿಯವನ್ನು ನ್ಯೂಟ್ರೋಫಿಲ್ ಸಹಿತವಾಗಿಯೂ ರಹಿತವಾಗಿಯೂ, ಸೀರಮ್ ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸಿದೆ. ಅನಂತರ, ಅಗರ್ ತಟ್ಟೆಗೆ ಹಚ್ಚುವ ಮೊದಲು, ಶುದ್ಧ ನೀರಿನಿಂದ ನ್ಯೂಟ್ರೋಫಿಲ್ ಕಣಗಳನ್ನು ಒಡೆಯುವ ಹಂತವನ್ನು ಎಂದೂ ಬಿಡಬಾರದು. ನುಂಗಲ್ಪಟ್ಟೂ ಒಳಗೆ ಬದುಕಿರುವ ಹಲವು ಬ್ಯಾಕ್ಟೀರಿಯಗಳು, ಕಣ ಒಡೆಯದಿದ್ದರೆ, ತಟ್ಟೆಯ ಮೇಲೆ ಒಂದೇ ಕಾಲನಿಯಾಗಿ (ಬ್ಯಾಕ್ಟೀರಿಯ ಬೆಳೆದ ಚುಕ್ಕೆಯಾಗಿ) ಕಂಡು, ಇಲ್ಲದ ಸಾವನ್ನು ತೋರಿಸುತ್ತವೆ.

ಮರುದಿನ, ಔಷಧ ಕಂಡ ಬ್ಯಾಕ್ಟೀರಿಯಕ್ಕೆ ನ್ಯೂಟ್ರೋಫಿಲ್ ಸೇರಿಸಿದ್ದ ತಟ್ಟೆಯಲ್ಲಿಯೇ ಕಾಲನಿಗಳು ಎಲ್ಲಕ್ಕಿಂತ ವಿರಳವಾಗಿದ್ದವು. ನ್ಯೂಟ್ರೋಫಿಲ್ ಇಲ್ಲದ ಟ್ಯೂಬಿನಲ್ಲಿ ಅದೇ ಬ್ಯಾಕ್ಟೀರಿಯ ಬದುಕಿಯೇ ಇತ್ತು. ಅಂದರೆ ಕೊಂದದ್ದು ಕಣದೊಳಗಿನ ಹೈಪೋಕ್ಲೋರಸ್ ಆಮ್ಲದಂಥ ಅಸ್ತ್ರಗಳು, ದಾರಿ ಮಾಡಿಕೊಟ್ಟದ್ದು ಔಷಧ. ಪೆನಿಸಿಲಿನ್ ಬಿಳಿ ರಕ್ತಕಣಗಳಿಗೆ ತೊಂದರೆ ಕೊಡುವುದಿಲ್ಲವೆಂದು, ಅದನ್ನು ಕಂಡುಹಿಡಿದ ಫ್ಲೆಮಿಂಗ್ 1929ರಲ್ಲೇ ಬರೆದದ್ದರ ತೂಕ ನನಗೆ ಆಗ ತಿಳಿಯಿತು.

ಕಿಮೋಥೆರಪಿಯಿಂದ ನ್ಯೂಟ್ರೋಫಿಲ್ ಸಂಖ್ಯೆ ಮೈಕ್ರೋಲೀಟರಿಗೆ 500ಕ್ಕಿಂತ ಇಳಿದ ರೋಗಿಯಲ್ಲಿ ಈ ನೆರವು ಬಹುಮಟ್ಟಿಗೆ ಇರುವುದಿಲ್ಲವಾದ್ದರಿಂದ, ಕಲ್ಚರ್ ವರದಿಯ (ರೋಗಿಯ ಮಾದರಿಯಲ್ಲಿ ಬೆಳೆದ ಬ್ಯಾಕ್ಟೀರಿಯದ ವರದಿಯ) ಬಗ್ಗೆ ವಾರ್ಡಿನಿಂದ ಫೋನ್ ಬಂದಾಗ ನಾನು ಮೊದಲು ಕೇಳುವುದು ಆ ಸಂಖ್ಯೆಯನ್ನು.